ಕೊನೆಗೆ ಮದುವೆ ಆಗ್ತದೆ, ಎದುರುಮನೆಯವನ ಜೊತೆ

ದಾವಣಗೆರೆಯ ಒಂದು ಗ್ರಂಥಾಲಯದ ಕಾದಂಬರಿ ಕಪಾಟಿನಲ್ಲಿ ಒಂದು ಪುಸ್ತಕ ಇದೆ. ರಟ್ಟು ಎರಡು ಸಲ ಬದಲಾಗಿದೆ. ಬೆನ್ನಿಗೆ ಅಂಟಿಸಿದ ಕಂದು ಕಾಗದದ ಮೇಲೆ ನಂಬರು ಮಾತ್ರ ಉಳಿದಿದೆ. ಮನೆಯವರು ವರ ಹುಡುಕುತ್ತಿರುವಾಗ ತಾನು ಪ್ರೀತಿ ಹುಡುಕಲು ಹೊರಟ ಹುಡುಗಿಯೊಬ್ಬಳ ನಗೆಯ ಕಾದಂಬರಿ ಅದು. ಹೆಸರು ಇಲ್ಲಿ ಬೇಡ. ಮೊದಲ ಪುಟದ ನೆತ್ತಿಯ ಮೇಲೆ ಯಾರೋ ಪೆನ್ಸಿಲ್ಲಿನಲ್ಲಿ ದುಂಡಗೆ ಬರೆದಿದ್ದಾರೆ: ‘ಕೊನೆಗೆ ಮದುವೆ ಆಗ್ತದೆ, ಎದುರುಮನೆಯವನ ಜೊತೆ.’ ಪತ್ತೇದಾರಿ ಕಾದಂಬರಿಯ ಮೊದಲ ಪುಟದಲ್ಲಿ ಕೊಲೆಗಾರನ ಹೆಸರು ಬರೆದಿಟ್ಟರೆ ಆ ಪುಸ್ತಕದ ಕಥೆ ಅಲ್ಲಿಗೆ ಮುಗಿಯಿತು. ಇದರದು ಮುಗಿದಿಲ್ಲ. ಹಿಂದಿನ ರಟ್ಟಿಗೆ ಅಂಟಿಸಿದ ವಾಪಸಾತಿ ಚೀಟಿಯಲ್ಲಿ ತಾರೀಖಿನ ಮುದ್ರೆಗಳು ಒಂದರ ಮೇಲೊಂದು ಬಿದ್ದು ಓದಲಾಗದಷ್ಟು ನೇರಳೆಯಾಗಿವೆ. ಆ ಚೀಟಿ ತುಂಬಿದ ಮೇಲೆ ಅದರ ನೆತ್ತಿಗೇ ಇನ್ನೊಂದು ಅಂಟಿಸಿದ್ದಾರೆ. ಅದೂ ಅರ್ಧ ತುಂಬಿದೆ.

ಇದು ತಲೆಯಲ್ಲಿ ಕೊರೆಯುವ ವಿಷಯ. ಮುಕ್ತಾಯ ಗೊತ್ತಿದ್ದೂ 280 ಪುಟ ಓದಿಸಿಕೊಳ್ಳುವುದು ಯಾವುದು? ವಾಪಸ್ ಕೊಡಲು ಬಂದವರನ್ನು ‘ಹೆಂಗೈತ್ರಿ’ ಎಂದು ಕೇಳಿದರೆ ಒಂದೇ ಉತ್ತರ, ‘ಟೈಂಪಾಸ್’. ಹಾಗೆಂದವರೇ ಎರಡು ಹೆಜ್ಜೆ ಹೋಗಿ ತಿರುಗಿ ‘ಅವರದು ಬೇರೆ ಯಾವುದಾದ್ರೂ ಐತೇನ್ರಿ’ ಎಂದು ಕೇಳುತ್ತಾರೆ. ಕಣ್ಣೀರು ತರಿಸಿದ ಕಾದಂಬರಿಗೆ ನಮ್ಮಲ್ಲಿ ಸಿಗುವ ಮರ್ಯಾದೆ ನಗಿಸಿದ್ದಕ್ಕೆ ಸಿಗುವುದಿಲ್ಲ. ಅಳಿಸಲು ಒಂದು ಕಾಯಿಲೆಯೋ ಒಂದು ಅಪಘಾತವೋ ಸಾಕಾದೀತು, ನಗಿಸಲು ಪುಟಪುಟಕ್ಕೂ ಲೆಕ್ಕ ಬೇಕು. ಲೆಕ್ಕ ತಪ್ಪಿದರೆ ಓದುಗನಿಗೆ ಆ ಕ್ಷಣವೇ ಗೊತ್ತಾಗುತ್ತದೆ. ಅತ್ತ ಹಾಗೆ ನಟಿಸಬಹುದು, ಒಬ್ಬನೇ ಕೂತು ಓದುವಾಗ ನಕ್ಕ ಹಾಗೆ ನಟಿಸುವವರು ಯಾರೂ ಇಲ್ಲ.

ಕೂಸನ್ನು ಮೇಲಕ್ಕೆ ಎಸೆದು ಹಿಡಿಯುವಾಗ ಅದು ಕೇಕೆ ಹಾಕಿ ನಗುತ್ತದೆ. ಎಸೆದವನು ಮಾವನೋ ಅಪ್ಪನೋ ಆಗಿದ್ದರೆ ನಗು, ಗುರುತಿಲ್ಲದವನಾದರೆ ಚೀರಾಟ. ಪ್ರೀತಿಯ ನಗೆಕಾದಂಬರಿಯ ಒಳಗುಟ್ಟು ಇಷ್ಟೇ. ಹಿಡಿಯುವ ಕೈ ಇದೆ ಎಂಬ ಭರವಸೆ ಮೊದಲ ಪುಟದಲ್ಲೇ ಸಿಕ್ಕಿರಬೇಕು. ಆ ಹುಡುಗಿಗೆ ಕೊನೆಗೆ ಏನೂ ಕೇಡಾಗುವುದಿಲ್ಲ ಎಂದು ಗೊತ್ತಿದ್ದರೆ ಮಾತ್ರ ಆಕೆ ಮದುವೆಮನೆಯಲ್ಲಿ ತಪ್ಪು ಹುಡುಗನಿಗೆ ಹಾರ ಹಿಡಿದುಕೊಂಡು ಹೋಗಿ ನಿಂತಾಗ ನಗು ಬರುತ್ತದೆ. ಗೊತ್ತಿಲ್ಲದಿದ್ದರೆ ಅದೇ ದೃಶ್ಯ ಎದೆ ಹಿಂಡುತ್ತದೆ. ಆ ಪೆನ್ಸಿಲ್ಲಿನವರು ಪುಸ್ತಕಕ್ಕೆ ಮಾಡಿದ್ದು ಉಪಕಾರವೇ.

ಯಾರಿಗೆ ಯಾವಾಗ ಗೊತ್ತಾಗಬೇಕು

ಹಾಗಾದರೆ ಓದುಗ ಕಾಯುವುದು ಯಾವುದಕ್ಕೆ? ಗೊತ್ತಿರುವ ಸಂಗತಿ ಒಬ್ಬೊಬ್ಬರಿಗಾಗಿ ಗೊತ್ತಾಗುತ್ತಾ ಹೋಗುವುದನ್ನು ನೋಡುವುದಕ್ಕೆ. ಈ ಜಾತಿಯ ಕಾದಂಬರಿಯನ್ನು ಬಿಚ್ಚಿ ನೋಡಿದರೆ ಒಳಗೆ ಇರುವುದು ಒಂದು ಸರದಿ. ಇವರಿಬ್ಬರಿಗೂ ಜೋಡಿ ಎಂದು ಓದುಗನಿಗೆ 30ನೇ ಪುಟದೊಳಗೆ ಗೊತ್ತಾಗಬೇಕು. ಗೆಳತಿಗೆ 60ರ ಹೊತ್ತಿಗೆ. ಎದುರುಮನೆ ಅಜ್ಜಿಗೆ ಅಷ್ಟೊತ್ತಿಗೆ ಗೊತ್ತಾಗಿ, ಬೀದಿಗೂ ಹೇಳಿ ಆಗಿರುತ್ತದೆ. ಅವನಿಗೆ 150ರ ಸುಮಾರಿಗೆ, ಅದೂ ಅರೆಬರೆ. ಅವಳಿಗೆ 200 ದಾಟಿದ ಮೇಲೆ. ಅಪ್ಪನ ಸರದಿ ಎಲ್ಲಿ ಬರಬೇಕು ಎಂಬುದರಲ್ಲಿ ಲೇಖಕರ ಕೈಗುಣ ಕಾಣುತ್ತದೆ. ಸಾಮಾನ್ಯರು ಅಪ್ಪನನ್ನು ಕೊನೆಗೆ ಇಟ್ಟು ಒಂದು ಗದ್ದಲ ಮಾಡಿಸುತ್ತಾರೆ. ಬಲ್ಲವರು ಅಪ್ಪನಿಗೆ ಎಲ್ಲರಿಗಿಂತ ಮೊದಲೇ ಗೊತ್ತಿತ್ತು, ಪೇಪರ್ ಮುಖಕ್ಕೆ ಹಿಡಿದುಕೊಂಡು ಸುಮ್ಮನಿದ್ದರು ಎಂದು 260ನೇ ಪುಟದಲ್ಲಿ ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗುತ್ತಾರೆ. ಆಗ ಓದುಗ ಹಿಂದಕ್ಕೆ ಪುಟ ತಿರುವಿ ಆ ಪೇಪರ್ ಎಲ್ಲೆಲ್ಲಿ ಬಂದಿತ್ತು ಎಂದು ಹುಡುಕುತ್ತಾನೆ. ಹುಡುಕಿದಾಗ ನಿಜವಾಗಿಯೂ ಅಲ್ಲಿ ಪೇಪರ್ ಇರಬೇಕು, ಅಷ್ಟೇ.

ಈ ಸರದಿಯ ಲೆಕ್ಕವನ್ನು ಪಕ್ಕಾ ಮಾಡಿ ತೋರಿಸಿದವಳು ಇಂಗ್ಲಿಷ್ ಕಾದಂಬರಿಗಾರ್ತಿ ಜೇನ್ ಆಸ್ಟೆನ್. 1813ರಲ್ಲಿ ಬಂದ ‘ಪ್ರೈಡ್ ಅಂಡ್ ಪ್ರೆಜುಡಿಸ್’ನಲ್ಲಿ 61 ಅಧ್ಯಾಯಗಳಿವೆ. ನಾಯಕ ಮೊದಲ ಸಲ ಬಾಯಿಬಿಟ್ಟು ಕೇಳಿ ‘ಇಲ್ಲ’ ಅನ್ನಿಸಿಕೊಳ್ಳುವುದು 34ನೆಯದರಲ್ಲಿ, ನಡು ದಾಟಿದ ಕೂಡಲೇ. ಮತ್ತೆ ಕೇಳುವ ಧೈರ್ಯ ಬರುವುದು 58ರಲ್ಲಿ. ನಡುವಿನ ಅಷ್ಟೂ ಅಧ್ಯಾಯಗಳಲ್ಲಿ ನಾಯಕಿ ತನ್ನ ಲೆಕ್ಕವನ್ನು ತಾನೇ ತಿದ್ದಿಕೊಳ್ಳುತ್ತಾಳೆ. ಆದರೆ ನಗುವಿಗೆ ಹೆಚ್ಚು ಬೆಲೆಬಾಳುವುದು 19ನೇ ಅಧ್ಯಾಯ. ಪಾದ್ರಿ ಕಾಲಿನ್ಸ್ ಮದುವೆಯಾಗು ಎಂದು ಕೇಳಲು ಬಂದವನು ಕಾರಣಗಳನ್ನು ಒಂದು, ಎರಡು, ಮೂರು ಎಂದು ಎಣಿಸುತ್ತಾನೆ: ಪಾದ್ರಿಯಾದವನು ಊರಿಗೆ ಮಾದರಿಯಾಗಿ ಮದುವೆಯಾಗಬೇಕು, ಅದರಿಂದ ತನಗೆ ಸುಖ ಹೆಚ್ಚುತ್ತದೆ, ತನ್ನ ಆಶ್ರಯದಾತೆಯಾದ ಸಿರಿವಂತ ಹೆಂಗಸು ಹಾಗೆ ಮಾಡೆಂದು ಹೇಳಿದ್ದಾರೆ. ಹುಡುಗಿಯ ಹೆಸರು ಪಟ್ಟಿಯಲ್ಲಿ ಇಲ್ಲ. ‘ಇಲ್ಲ’ ಎಂದರೆ ಅವನಿಗೆ ಅದು ನಾಚಿಕೆಯ ‘ಹೂಂ’ ಎಂದು ಕೇಳಿಸುತ್ತದೆ. ನಮ್ಮ ಕಡೆ ವಾಟ್ಸಾಪಿನಲ್ಲಿ ಓಡಾಡುವ ಬಯೋಡಾಟಾ ಪಿಡಿಎಫ್‌ಗಳನ್ನು ನೋಡಿದವರಿಗೆ ಕಾಲಿನ್ಸ್ ಹೊಸಬನಲ್ಲ. ಎತ್ತರ, ಸಂಬಳ, ಸೈಟು, ತೋಟದ ಎಕರೆ, ‘ಹುಡುಗಿ ಮನೆಗೆ ಹೊಂದಿಕೊಂಡು ಹೋಗುವಂತಿರಬೇಕು’. ಇನ್ನೂರು ವರ್ಷ ಕಳೆದರೂ ಪಟ್ಟಿಯ ಕ್ರಮ ಅದೇ.

ಮೂರು ಸಂಬಂಧ ತಪ್ಪಬೇಕು

ಹುಡುಕಾಟದ ಕಾದಂಬರಿಯಲ್ಲಿ ಎಷ್ಟು ಸಂಬಂಧ ತಪ್ಪಿಹೋಗಬೇಕು ಎಂಬುದಕ್ಕೂ ಒಂದು ಹದ ಇದೆ. ಮೂರು ಸಾಕು. ಎರಡಾದರೆ ಹುಡುಕಾಟ ಅನ್ನಿಸುವುದಿಲ್ಲ, ಐದಾದರೆ ದಲ್ಲಾಳಿಯ ಡೈರಿ ಓದಿದ ಹಾಗಾಗುತ್ತದೆ. ಸಂಖ್ಯೆಗಿಂತ ಮುಖ್ಯ, ಮೂರೂ ಬೇರೆ ಬೇರೆ ಕಾರಣಕ್ಕೆ ತಪ್ಪಬೇಕು. ಮೊದಲನೆಯದು ಬಂದವನ ದೋಷಕ್ಕೆ: ಕೂತ ಒಂದು ಗಂಟೆಯಲ್ಲಿ ಐವತ್ತು ನಿಮಿಷ ತನ್ನ ಬೈಕಿನ ಮೈಲೇಜ್ ಹೇಳಿದ. ಎರಡನೆಯದು ಯಾರ ತಪ್ಪೂ ಇಲ್ಲದೆ: ಹುಡುಗ ಒಳ್ಳೆಯವನು, ಮಾತೂ ಕುದುರಿತ್ತು, ಅಷ್ಟರಲ್ಲಿ ಅವನ ದೊಡ್ಡಪ್ಪನಿಗೂ ಇವಳ ಸೋದರಮಾವನಿಗೂ ಅಡಿಕೆ ವ್ಯಾಪಾರದ ಹಳೇ ಬಾಕಿ ಇದೆ ಎಂದು ಗೊತ್ತಾಯಿತು. ಮೂರನೆಯದು ಅವಳ ತಪ್ಪಿಗೆ. ಈ ಮೂರನೆಯದಿಲ್ಲದಿದ್ದರೆ ಕಾದಂಬರಿ ಕೈಕೊಡುತ್ತದೆ.

ಯಾಕೆಂದರೆ ಬಂದವರೆಲ್ಲ ಕೋಡಂಗಿಗಳೇ ಆದರೆ ಅವಳು ನ್ಯಾಯಾಧೀಶೆಯಾಗಿ ಕೂತುಬಿಡುತ್ತಾಳೆ. ಎತ್ತರದಲ್ಲಿ ಕೂತವರನ್ನು ನೋಡಿ ನಗುವುದು ಕಷ್ಟ, ಅವರ ಜೊತೆ ಸೇರಿ ಬೇರೆಯವರನ್ನು ನೋಡಿ ನಗಬಹುದು, ಆ ನಗು 80 ಪುಟಕ್ಕೆ ಖಾಲಿಯಾಗುತ್ತದೆ. ಅವಳು ಮೂರನೆಯವನ ಮುಂದೆ ತನಗೆ ಬಾರದ ಹಿಂದೂಸ್ತಾನಿ ಸಂಗೀತ ಬರುತ್ತದೆ ಎಂದು ಹೇಳಿ, ಅವನ ತಾಯಿ ‘ಒಂದು ವಚನ ಹಾಡವ್ವ’ ಎಂದಾಗ ಗಂಟಲಿಗೆ ಶೀತವೆಂದು ಕೆಮ್ಮಿ, ಕೆಮ್ಮಿಗೆ ಅವರು ಕಷಾಯ ಮಾಡಿಸಿ ಕುಡಿಸಿ, ಮರುವಾರ ಗಂಟಲು ಸರಿಹೋಯಿತೇ ಎಂದು ಫೋನ್ ಮಾಡಿದಾಗ ನಗು ಅವಳ ಕಡೆ ತಿರುಗುತ್ತದೆ. ಸುಳ್ಳು ಚಿಕ್ಕದಿರಬೇಕು, ಯಾರೂ ಆಡಬಹುದಾದದ್ದಿರಬೇಕು, ಒಂದು ಸುಳ್ಳನ್ನು ಉಳಿಸಿಕೊಳ್ಳಲು ಇನ್ನೆರಡು ಬೇಕಾಗಬೇಕು. ದೊಡ್ಡ ಸುಳ್ಳಾದರೆ ಅದು ಮೋಸ. ಮೋಸಕ್ಕೆ ನಗೆಕಾದಂಬರಿಯಲ್ಲಿ ಪರಿಹಾರ ಇಲ್ಲ. ಅಲ್ಲಿಗೆ ಬೇರೆ ಕಾದಂಬರಿ ಶುರುವಾಗುತ್ತದೆ.

ನೀವು, ನೀನು, ಮತ್ತು ನಡುವಿನ ಜಾಗ

ಇಂಗ್ಲಿಷಿನಿಂದ ಬಂದ ಪ್ರೀತಿಯ ನಗೆಕಾದಂಬರಿಗಳು ಕನ್ನಡದಲ್ಲಿ ಯಾಕೆ ಸಪ್ಪೆಯಾಗುತ್ತವೆ ಎಂದು ಕೇಳಿದರೆ ಅನುವಾದ ಸರಿಯಿಲ್ಲ ಎಂಬ ಉತ್ತರ ಸಿಗುತ್ತದೆ. ಅದು ಅರ್ಧ ಸತ್ಯ. ಇಂಗ್ಲಿಷಿನಲ್ಲಿ ಎದುರಿಗಿರುವವರಿಗೆ ಇರುವುದು ಒಂದೇ ಪದ. ನಾಯಿಗೂ ಅದೇ, ನ್ಯಾಯಾಧೀಶರಿಗೂ ಅದೇ. ಕನ್ನಡಕ್ಕೆ ತರುವವರು ಯಾವ ಪುಟದಲ್ಲಿ ‘ನೀವು’ ಹೋಗಿ ‘ನೀನು’ ಬರಬೇಕು ಎಂದು ತಾವೇ ನಿರ್ಧರಿಸಬೇಕು. ಬಹಳಷ್ಟು ಮಂದಿ ಅದನ್ನು ನಿರ್ಧಾರ ಎಂದೇ ಭಾವಿಸುವುದಿಲ್ಲ. ಮೊದಲ ಭೇಟಿಯಲ್ಲೇ ‘ನೀನು’ ಹಾಕಿಬಿಡುತ್ತಾರೆ, ಇಲ್ಲವೇ ಕೊನೇ ಪುಟದಲ್ಲಿ ಅಪ್ಪಿಕೊಂಡಾಗಲೂ ‘ನೀವು’ ಎನ್ನಿಸುತ್ತಾರೆ. ಕನ್ನಡದಲ್ಲೇ ಹುಟ್ಟಿದ ಕಾದಂಬರಿಗೆ ಇದು ತೊಡಕಲ್ಲ, ಬಂಡವಾಳ. ಪ್ರೀತಿ ಎಷ್ಟು ದೂರ ಬಂತು ಎಂದು ಹೇಳಲು ಗುಲಾಬಿ, ಮಳೆ, ಎದೆಬಡಿತ ಯಾವುದೂ ಬೇಡ, ಕ್ರಿಯಾಪದದ ಬಾಲ ಸಾಕು.

ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ‘ನೀವು’ ಮತ್ತು ‘ನೀನು’ಗಳ ನಡುವೆ ಯಾವ ಸರ್ವನಾಮವೂ ಇಲ್ಲದ ಒಂದು ಬಯಲು ಇದೆ. ಕನ್ನಡದಲ್ಲಿ ಸರ್ವನಾಮ ಬಿಟ್ಟು ಮಾತಾಡಬಹುದು, ಆದರೆ ‘ಬಂದ್ರಾ’ ಎಂದರೂ ‘ಬಂದ್ಯಾ’ ಎಂದರೂ ಕ್ರಿಯಾಪದ ಗುಟ್ಟು ಬಿಟ್ಟುಕೊಡುತ್ತದೆ. ಹಾಗಾಗಿ ಬಹುವಚನ ದೂರ ಅನ್ನಿಸಿ, ಏಕವಚನಕ್ಕೆ ಧೈರ್ಯ ಸಾಲದ ಇಬ್ಬರು ಕ್ರಿಯಾಪದವನ್ನೇ ತಪ್ಪಿಸಿ ಓಡಾಡುತ್ತಾರೆ. ‘ಊಟ ಆಯ್ತಾ?’ ‘ಆಯ್ತು. ಅಲ್ಲಿ?’ ‘ಇಲ್ಲೂ ಆಯ್ತು.’ ‘ನಾಳೆ ಬರೋದು ಎಷ್ಟೊತ್ತಿಗೆ?’ ‘ಹತ್ತಕ್ಕೆ ಆಗಬಹುದು.’ ‘ಛತ್ರಿ ತರೋದು ಒಳ್ಳೇದು.’ ಆಯ್ತು, ಬರೋದು, ತರೋದು, ಆಗಬಹುದು. ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದೇ ಇಲ್ಲ. ಎಂಟು ಹತ್ತು ಪುಟ ಇಬ್ಬರೂ ಸರ್ಕಾರಿ ಸುತ್ತೋಲೆಯ ಹಾಗೆ ಮಾತಾಡುವುದನ್ನು ಓದುತ್ತಿದ್ದರೆ, ಲೇಖಕರು ಒಂದು ಮಾತೂ ವಿವರಿಸದೆ, ನಗುವೂ ಮರುಕವೂ ಒಟ್ಟಿಗೆ ಬರುತ್ತವೆ. ಆಮೇಲೆ ಒಂದು ದಿನ ಗುಂಡಿ ಸರ್ಕಲ್ಲಿನಲ್ಲಿ ಅವಳು ಹಿಂದೆ ಮುಂದೆ ನೋಡದೆ ರಸ್ತೆಗೆ ಇಳಿಯುತ್ತಾಳೆ, ಆಟೋ ಒಂದು ಮೊಳ ದೂರದಲ್ಲಿ ಬ್ರೇಕ್ ಹಾಕುತ್ತದೆ, ಇವನ ಬಾಯಿಂದ ‘ಏಯ್, ನೋಡ್ಕೊಂಡ್ ಬಾರೇ!’ ಬಂದುಬಿಡುತ್ತದೆ. ಆಟೋದವನು ಬೈದು ಹೋಗುತ್ತಾನೆ. ಇಬ್ಬರೂ ರಸ್ತೆ ದಾಟಿ ನಿಲ್ಲುತ್ತಾರೆ. ಆ ‘ರೇ’ ಇಬ್ಬರ ನಡುವೆ ನಿಂತಿದೆ. ಇಲ್ಲಿ ಕೆಟ್ಟ ಲೇಖಕರು ಅವಳ ಕೆನ್ನೆ ಕೆಂಪಾಗಿಸುತ್ತಾರೆ. ಒಳ್ಳೆಯವರು ಅವಳಿಂದ ಒಂದು ಉತ್ತರ ಕೊಡಿಸುತ್ತಾರೆ: ‘ನೋಡ್ಕೊಂಡೇ ಬಂದೆ ಕಣೋ.’ ಅಧ್ಯಾಯ ಅಲ್ಲಿಗೆ ಮುಗಿಯಬೇಕು. ಅದರ ಮೇಲೆ ಬರೆದ ಪ್ರತಿ ಸಾಲೂ ದಂಡ.

ದಾವಣಗೆರೆ ಮಾತಿನಲ್ಲಿ ಇದಕ್ಕೆ ಇನ್ನಷ್ಟು ಮೆಟ್ಟಿಲುಗಳಿವೆ. ಇಲ್ಲಿಯದು ಮೈಸೂರಿಗೂ ಧಾರವಾಡಕ್ಕೂ ನಡುವಿನ ಮಾತು. ಪರಿಚಯವಿಲ್ಲದವರಿಗೆ ‘ಬರ್ರಿ’, ಸ್ವಲ್ಪ ಸಲುಗೆ ಬಂದರೆ ‘ಬಾರಪ್ಪ, ಬಾರವ್ವ’, ಗೆಳೆಯರಾದರೆ ‘ಲೇ’. ‘ಲೇ’ಯಿಂದ ಪ್ರೀತಿಗೆ ಬರುವುದು ‘ರೀ’ಯಿಂದ ಬರುವುದಕ್ಕಿಂತ ಕಷ್ಟ, ಏಕೆಂದರೆ ಮುಂದಕ್ಕೆ ಹೋಗಲು ಮೆಟ್ಟಿಲೇ ಉಳಿದಿಲ್ಲ. ಕಾಲೇಜಿನಿಂದ ‘ಲೇ’ ಎಂದುಕೊಂಡು ಬಂದ ಇಬ್ಬರು ಪ್ರೀತಿಯಲ್ಲಿ ಬಿದ್ದರೆ ಅವರು ಹಿಂದಕ್ಕೇ ಹೋಗಬೇಕು. ಅವನು ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ‘ಬರ್ರಿ’ ಅನ್ನುತ್ತಾನೆ, ಅವಳು ಹಿಂದೆ ಯಾರೋ ಬಂದರೇನೋ ಎಂದು ತಿರುಗಿ ನೋಡುತ್ತಾಳೆ. ಇನ್ನು ಮದುವೆಯ ದಿನ ಗಂಡನ ಹೆಸರು ಹೇಳಿಸುವ ಒಡಪಿನ ಶಾಸ್ತ್ರ ಬಂದರಂತೂ ಇದಕ್ಕೆ ಕಿರೀಟ. ಹತ್ತು ವರ್ಷ ‘ಲೇ’ ಎಂದು ಕರೆದವನ ಹೆಸರಿಗೆ ‘ರಾಯರು’ ಸೇರಿಸಿ ‘ಮಂಡಕ್ಕಿಗೆ ಮಿರ್ಚಿ ಜೋಡಿ, ದೋಸೆಗೆ ಬೆಣ್ಣೆ ಜೋಡಿ, ಇಂಥಾ ರಾಯರಿಗೆ ನಾನು ಜೋಡಿ, ಮುಂದಿಂದು ದೇವರೇ ನೋಡಿ’ ಎಂದು ಹೇಳಬೇಕಾದಾಗ ಹಿಂದಿನ ಸಾಲಿನಲ್ಲಿ ಕೂತ ಗೆಳೆಯರು ಏನು ಮಾಡುತ್ತಾರೆ ಎಂದು ಬರೆಯುವ ಅಗತ್ಯವಿಲ್ಲ.

ದೋಸೆ ಬಂದ ಮೇಲೆ

ಭೇಟಿಯ ಜಾಗವನ್ನು ಆರಿಸುವುದರಲ್ಲೂ ಎಡವುತ್ತಾರೆ. ಇಬ್ಬರನ್ನು ಮೊದಲ ಸಲ ಎದುರುಬದುರು ಕೂರಿಸಲು ಕಾಫಿ ಶಾಪ್ ಸುಲಭ, ಅದಕ್ಕೇ ನೀರಸ. ಅಲ್ಲಿ ಎಷ್ಟು ಹೊತ್ತು ಬೇಕಾದರೂ ಕೂರಬಹುದು, ಯಾರೂ ಕೇಳುವುದಿಲ್ಲ, ಕಪ್ಪಿನಿಂದ ಏನೂ ಸೋರುವುದಿಲ್ಲ. ಅವಸರ ಇಲ್ಲದ ಕಡೆ ನಗೆ ಹುಟ್ಟುವುದು ಕಷ್ಟ. ಅದೇ ಇಬ್ಬರನ್ನು ಭಾನುವಾರ ಬೆಳಗ್ಗೆ ಬೆಣ್ಣೆ ದೋಸೆ ಹೋಟೆಲಿಗೆ ತಂದು ಕೂರಿಸಿದರೆ ಲೇಖಕರ ಅರ್ಧ ಕೆಲಸ ಒಲೆಯೇ ಮಾಡುತ್ತದೆ. ಕೂರಲು ಜಾಗ ಸಿಗುವ ಮೊದಲು ತಿನ್ನುವವರ ಬೆನ್ನ ಹಿಂದೆ ನಿಂತು ಕಾಯಬೇಕು. ಕೂತ ಮೇಲೆ ಇವರ ಬೆನ್ನ ಹಿಂದೆ ಇನ್ನಿಬ್ಬರು ನಿಂತು ಕಾಯುತ್ತಾರೆ. ನಾಲ್ಕು ಜನರ ಟೇಬಲ್ಲಿನಲ್ಲಿ ಉಳಿದೆರಡು ಕುರ್ಚಿಗೆ ಗುರುತಿಲ್ಲದ ಅಪ್ಪ ಮಗ ಬಂದು ಕೂರುತ್ತಾರೆ. ದೋಸೆ ಬರುವ ತನಕ ಮಾತು ಹೊರಡುವುದಿಲ್ಲ, ಬಂದ ಮೇಲೆ ಮಾತಾಡುವ ಹಾಗಿಲ್ಲ, ಯಾಕೆಂದರೆ ಅದು ಆರಿದರೆ ತೊಗಲು. ಮೇಲಿಟ್ಟ ಬೆಣ್ಣೆ ಉಂಡೆ ನೋಡನೋಡುತ್ತಾ ಕರಗಿ ಅಂಚಿಗೆ ಹರಿಯುತ್ತದೆ. ಮೊದಲ ತುತ್ತಿಗೆ ಬೆರಳಿಗೆ, ಮೂರನೆಯದಕ್ಕೆ ಮಣಿಕಟ್ಟಿಗೆ. ಮಣಿಕಟ್ಟಿನವರೆಗೆ ಬೆಣ್ಣೆ ಇಳಿದವಳು ಎದುರಿನವನು ‘ಮದುವೆ ಬಗ್ಗೆ ನಿಮ್ಮ ಅಭಿಪ್ರಾಯ ಏನು’ ಎಂದು ಕೇಳಿದಾಗ ಮಾಡುವುದೇನು? ನೆಕ್ಕಿಕೊಂಡರೆ ಒಂದು ಅರ್ಥ, ಕರ್ಚೀಫ್ ಹುಡುಕಿದರೆ ಇನ್ನೊಂದು. ಆಗ ಸಪ್ಲೈಯರ್ ಬಂದು ಅವಳ ಬದಲು ಉತ್ತರಿಸುತ್ತಾನೆ: ‘ಇನ್ನೊಂದು ಖಾಲಿ ಹೇಳ್ಲಾ?’

(ಇಲ್ಲೊಂದು ಮಾತು. ಬೆಂಗಳೂರಿನಲ್ಲಿ ಕೂತು ದಾವಣಗೆರೆ ದೃಶ್ಯ ಬರೆಯುವವರು ಈ ತಟ್ಟೆಯ ಪಕ್ಕ ಸಾಂಬಾರ್ ಬಟ್ಟಲು ಇಡುತ್ತಾರೆ. ಇಲ್ಲಿಯ ದೋಸೆಗೆ ಕಾಯಿಚಟ್ನಿ, ಆಲೂಗಡ್ಡೆ ಪಲ್ಯ, ಬೆಣ್ಣೆ. ಸಾಂಬಾರ್ ಕಂಡ ಕೂಡಲೇ ಈ ಊರಿನ ಓದುಗ ಪುಸ್ತಕ ಮಡಚುತ್ತಾನೆ. ಪ್ರೀತಿಯ ವಿಷಯದಲ್ಲಿ ಆ ಲೇಖಕರು ಹೇಳಿದ್ದನ್ನು ಆಮೇಲೆ ಅವನು ನಂಬುವುದಿಲ್ಲ.)

ಇದಕ್ಕೆ ತದ್ವಿರುದ್ಧದ ಜಾಗ ಸುಮಾರು 60 ಕಿಲೋಮೀಟರ್ ದೂರದಲ್ಲಿದೆ, ಚಿತ್ರದುರ್ಗದ ಏಳು ಸುತ್ತಿನ ಕೋಟೆ. ಭವ್ಯವಾದ ಜಾಗದಲ್ಲಿ ಪ್ರೇಮ ನಿವೇದನೆ ಮಾಡಬೇಕೆಂದು ಹೊರಡುವ ನಾಯಕ ಇದ್ದಾನೆ ಅನ್ನಿ. ಬಿಸಿಲು ಏರುವ ಮುನ್ನ ಮೇಲೆ ಹತ್ತಬೇಕು ಎಂಬ ಲೆಕ್ಕ ಮೊದಲು ತಪ್ಪುತ್ತದೆ. ಬಂಡೆ ಹನ್ನೊಂದಕ್ಕೇ ಕಾದ ಹಂಚು. ಅವಳ ಕೈಯಲ್ಲಿದ್ದ ಬಿಸ್ಕೆಟ್ ಪೊಟ್ಟಣ ಕೋತಿಗೆ ಹೋಗುತ್ತದೆ. ಅಂತೂ ನೆರಳು ಹುಡುಕಿ ನಿಂತದ್ದು ಓಬವ್ವನ ಕಿಂಡಿಯ ಹತ್ತಿರ. ಅವನು ಗಂಟಲು ಸರಿಮಾಡಿಕೊಂಡು ‘ನಾನು ಒಂದು ಮಾತು...’ ಎನ್ನುವಷ್ಟರಲ್ಲಿ ಹಿಂದಿನಿಂದ ಶಾಲೆಯ ಮಕ್ಕಳ ದಂಡು, ಮುಂದೆ ಗೈಡ್. ‘ಗಂಡ ಕಾವಲುಗಾರ, ಮನೇಲಿ ಊಟಕ್ಕೆ ಕೂತಿದ್ದ. ಹೆಂಡತಿ ಓಬವ್ವ ನೀರಿಗೆ ಅಂತ ಇಲ್ಲಿಗೆ ಬಂದಳು. ಹೈದರಾಲಿ ಸೈನಿಕರು ಒಬ್ಬೊಬ್ಬರೇ ಕಿಂಡಿಯಿಂದ ತಲೆ ಹಾಕ್ತಿದ್ದರು. ಆಕೆ ಒನಕೆ ತಂದು, ತಲೆ ಹಾಕಿದವನಿಗೆ ಒಂದೊಂದೇ ಏಟು!’ ಮಕ್ಕಳು ‘ಹೋ’ ಎನ್ನುತ್ತಾರೆ. ಅವಳು ಬಹಳ ಆಸಕ್ತಿಯಿಂದ ಕಿಂಡಿಯೊಳಗೆ ಬಗ್ಗಿ ನೋಡಿ, ತಿರುಗಿ, ‘ಏನೋ ಹೇಳ್ತಿದ್ರಲ್ಲ?’ ಎಂದು ಕೇಳುತ್ತಾಳೆ. ‘ಊಟಕ್ಕೆ ಹೋಗೋಣ್ವಾ ಅಂತ’ ಎನ್ನುತ್ತಾನೆ ಅವನು. ಇಲ್ಲಿ ಲೇಖಕರು ಒಂದು ಜೋಕನ್ನೂ ಬರೆದಿಲ್ಲ. ಊರಿಗೆ ಗೊತ್ತಿರುವ ಕಥೆಯನ್ನು ಸರಿಯಾದ ಗಳಿಗೆಗೆ ಪಕ್ಕದಲ್ಲಿ ನಡೆಸಿದ್ದಾರೆ, ಅಷ್ಟೇ. ಜಾಗ ಎಷ್ಟು ಗಂಭೀರವೋ ನಗು ಅಷ್ಟು ಹತ್ತಿರ.

ಎಲ್ಲಿ ಹಳಸುತ್ತದೆ

ಮುಕ್ಕಾಲು ದಾರಿಯಲ್ಲಿ ಒಂದು ಮನಸ್ತಾಪ ಬರುವುದು ಈ ಕಾದಂಬರಿಗಳ ಪದ್ಧತಿ. ಹೆಚ್ಚಿನವು ಕೆಡುವುದು ಅಲ್ಲೇ. ಅವನು ಯಾರೋ ಹುಡುಗಿಯ ಜೊತೆ ಬಟ್ಟೆ ಅಂಗಡಿಯಲ್ಲಿ ಇದ್ದುದನ್ನು ಇವಳು ಕಂಡಳು, ಆ ಹುಡುಗಿ ಅವನ ಚಿಕ್ಕಪ್ಪನ ಮಗಳು, ಅಷ್ಟಕ್ಕೆ ಐವತ್ತು ಪುಟ ಮಾತಿಲ್ಲ. ಟ್ರಂಕ್ ಕಾಲ್ ಬುಕ್ ಮಾಡಿ ಕಾಯುತ್ತಿದ್ದ ಕಾಲದಲ್ಲಿ ಇದು ನಡೆಯುತ್ತಿತ್ತು. ಈಗ ಒಂದು ಮಿಸ್ಡ್ ಕಾಲಿಗೆ ಬಗೆಹರಿಯುವ ಮನಸ್ತಾಪವನ್ನು ಓದುಗ ಸಹಿಸುವುದಿಲ್ಲ. ಫೋನನ್ನು ನೀರಿಗೆ ಬೀಳಿಸುವುದು, ಚಾರ್ಜ್ ಖಾಲಿ ಮಾಡಿಸುವುದು ಸೋಮಾರಿಗಳ ಉಪಾಯ. ಫೋನು ಕೆಲಸ ಮಾಡುವುದರಿಂದಲೇ ತೊಡಕಾಗಬೇಕು. ಅವಳು ಗೆಳತಿಗೆ ಬರೆದ ‘ಅವನು ಪರವಾಗಿಲ್ಲ ಕಣೇ, ಮೂಗು ಸ್ವಲ್ಪ ದೊಡ್ಡದು’ ಎಂಬ ಮೆಸೇಜು ಫ್ಯಾಮಿಲಿ ಗ್ರೂಪಿಗೆ ಹೋಯಿತು. ಗಾಬರಿಯಲ್ಲಿ ಅಳಿಸಿದಳು. ಅಳಿಸಿದ ಜಾಗದಲ್ಲಿ ಅಳಿಸಲಾಗಿದೆ ಎಂಬ ಗುರುತು ಉಳಿಯಿತು. ಮೆಸೇಜು ಓದಿದವರು ಇಬ್ಬರೇ, ಗುರುತು ನೋಡಿದವರು ನಲವತ್ತು ಮಂದಿ. ಒಬ್ಬೊಬ್ಬರೂ ಫೋನ್ ಮಾಡಿ ‘ಏನವ್ವ ಅದು ಅಳಿಸಿದ್ದು’ ಎಂದು ಕೇಳುತ್ತಾರೆ, ಅವಳು ಒಬ್ಬೊಬ್ಬರಿಗೆ ಒಂದೊಂದು ಹೇಳುತ್ತಾಳೆ, ಭಾನುವಾರ ಅವರೆಲ್ಲ ಒಂದೇ ಗೃಹಪ್ರವೇಶದಲ್ಲಿ ಸೇರುತ್ತಾರೆ. ಐವತ್ತು ಪುಟಕ್ಕೆ ಇದು ಸಾಕು, ಮಿಕ್ಕುತ್ತದೆ.

ಕಾಕತಾಳೀಯಕ್ಕೂ ಒಂದು ಶಿಸ್ತು ಇದೆ. ತೊಂದರೆಗೆ ಸಿಕ್ಕಿಸಲು ಎಷ್ಟು ಬೇಕಾದರೂ ಬರಲಿ, ಬಿಡಿಸಲು ಒಂದೂ ಬರಬಾರದು. ಬಸ್ಸಿನಲ್ಲಿ ಪಕ್ಕದ ಸೀಟಿಗೆ ಅವನೇ ಬಂದು ಕೂತರೆ ಒಪ್ಪುತ್ತೇವೆ. ಕೊನೆಗೆ ಅವನಿಗೆ ಇದ್ದಕ್ಕಿದ್ದಂತೆ ದಾವಣಗೆರೆಗೇ ವರ್ಗವಾಯಿತು ಎಂದರೆ ಒಪ್ಪುವುದಿಲ್ಲ. ಇನ್ನು ಎಲ್ಲ ಪಾತ್ರಗಳೂ ಒಂದೇ ಸಮ ಚಟಾಕಿ ಹಾರಿಸುವ ಕಾದಂಬರಿಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ. ಅಜ್ಜಿಯೂ ಮೊಮ್ಮಗಳೂ ಪೋಸ್ಟ್‌ಮ್ಯಾನೂ ಒಂದೇ ಬಾಯಲ್ಲಿ ಮಾತಾಡಿದರೆ ಅದು ಲೇಖಕರ ಬಾಯಿ.

ಕ್ರಿಯಾಪದ ಕೊನೆಗೆ ಬರುವ ಭಾಗ್ಯ

ಕನ್ನಡದ ವಾಕ್ಯ ಕಟ್ಟುವ ಕ್ರಮವೇ ನಗೆಗೆ ಹೇಳಿ ಮಾಡಿಸಿದ್ದು ಎಂದು ಇಂಥ ಕಾದಂಬರಿಗಳನ್ನು ಗಟ್ಟಿಯಾಗಿ ಓದಿದರೆ ತಿಳಿಯುತ್ತದೆ. ಮುಖ್ಯ ಕ್ರಿಯಾಪದ ಕೊನೆಗೆ ಬರುತ್ತದೆ, ಅದಕ್ಕೆ ಮೊದಲು ಎಷ್ಟು ಬೇಕಾದರೂ ಪೋಣಿಸಬಹುದು. ‘ಸೀರೆ ಸರಿಮಾಡಿಕೊಂಡು, ತಟ್ಟೆ ಎತ್ತಿಕೊಂಡು, ಅಮ್ಮ ಹೇಳಿದ ಹಾಗೆ ತಲೆ ತಗ್ಗಿಸಿಕೊಂಡು, ನಡುಮನೆ ದಾಟಿ, ಹಾಲಿಗೆ ಬಂದು, ಕಾಫಿಯನ್ನು ಹುಡುಗನ ತಮ್ಮನಿಗೆ ಕೊಟ್ಟಳು.’ ಕೊನೆಯ ಎರಡು ಪದ ಬರುವ ತನಕ ಅದು ಸಾವಿರ ಮನೆಯಲ್ಲಿ ನಡೆದ ಹೆಣ್ಣು ನೋಡುವ ಶಾಸ್ತ್ರ. ‘ತಲೆ ತಗ್ಗಿಸಿಕೊಂಡು’ ಎಂಬುದು ಕಾರಣವೂ ಆಗಿತ್ತು ಎಂದು ಹೊಳೆಯುವುದು ವಾಕ್ಯ ಮುಗಿದ ಮೇಲೆ. ಇದನ್ನೇ ‘ಅವಳು ಹುಡುಗನ ತಮ್ಮನಿಗೆ ಕಾಫಿ ಕೊಟ್ಟಳು, ಏಕೆಂದರೆ ತಲೆ ತಗ್ಗಿಸಿದ್ದಳು’ ಎಂದು ಬರೆದರೆ ಪೊಲೀಸ್ ವರದಿ. ಇನ್ನೊಂದು ಬಗೆ, ಎರಡು ಚಿಕ್ಕ ವಾಕ್ಯಗಳದು. ‘ಅವಳಿಲ್ಲದೆ ಬದುಕಲಾರೆ ಎಂದು ರಾಣೆಬೆನ್ನೂರಿನಿಂದ ಹರಿಹರದ ತನಕ ಅತ್ತ. ಹರಿಹರದಲ್ಲಿ ಇಡ್ಲಿ ತಿಂದ.’ ನಡುವೆ ‘ಆದರೆ’ ಹಾಕಿದರೆ ಕೆಟ್ಟಿತು. ಪೂರ್ಣವಿರಾಮವೇ ಅಲ್ಲಿ ‘ಆದರೆ’.

ಈ ಸೀಮೆಗೆ ಇದು ಹೊಸ ವಿದ್ಯೆಯಲ್ಲ. ಪದದ ಬೆನ್ನು ತಿರುಗಿಸಿ ನಗಿಸುವುದನ್ನೇ ಕಸುಬು ಮಾಡಿಕೊಂಡ ಬೀಚಿ, ಅಂದರೆ ರಾಯಸಂ ಭೀಮಸೇನ ರಾವ್, ಹುಟ್ಟಿದ್ದು 1913ರಲ್ಲಿ ಹರಪನಹಳ್ಳಿಯಲ್ಲಿ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಆ ತಾಲ್ಲೂಕು ಇದರೊಳಗೆ ಬಂತು, 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಯಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಹುಟ್ಟೂರು ಇಷ್ಟು ಸಲ ಮನೆ ಬದಲಿಸಿದ್ದನ್ನು ಕಂಡಿದ್ದರೆ ಅವರ ಪಾತ್ರ ತಿಂಮನ ಬಾಯಲ್ಲಿ ಒಂದು ಮಾತು ಬರದೆ ಇರುತ್ತಿರಲಿಲ್ಲ.

ಓದುವ ವೇಗದ ಬಗ್ಗೆಯೂ ಒಂದು ಮಾತು. ಇವು ಒಂದೇ ಪಟ್ಟಿಗೆ ಓದಿ ಮುಗಿಸುವಂಥವು ಎಂಬ ಹೆಸರಿದೆ, ಹಾಗೆ ಓದಿದರೆ ನಷ್ಟವೇ ಹೆಚ್ಚು. ನೂರು ಪುಟದ ನಂತರ ನಗುವ ಸ್ನಾಯು ದಣಿಯುತ್ತದೆ, ಒಳ್ಳೆಯ ಸಾಲೂ ಹಾಗೇ ಜಾರುತ್ತದೆ. ವಾರಪತ್ರಿಕೆಯ ಧಾರಾವಾಹಿಗಳಲ್ಲಿ ಇದನ್ನು ಓದಿದ ತಲೆಮಾರಿಗೆ ಈ ತೊಂದರೆ ಇರಲಿಲ್ಲ. 1965ರಲ್ಲಿ ‘ಸುಧಾ’ ಶುರುವಾದ ಮೇಲಂತೂ ವಾರಕ್ಕೆ ಒಂದು ಕಂತು, ಮುಂದಿನ ವಾರದ ತನಕ ಓಣಿಯಲ್ಲಿ ಅದರದೇ ಚರ್ಚೆ. ಕಂತುಗಳನ್ನು ಕತ್ತರಿಸಿ, ದಬ್ಬಳದಲ್ಲಿ ತೂತು ಮಾಡಿ, ದಾರ ಪೋಣಿಸಿ, ಹಳೇ ಕ್ಯಾಲೆಂಡರಿನ ರಟ್ಟು ಹಾಕಿ ಹೊಲಿದಿಟ್ಟ ಪುಸ್ತಕಗಳು ಈಗಲೂ ಕೆಲವು ಮನೆಗಳ ಅಟ್ಟದಲ್ಲಿವೆ. ಅವುಗಳಲ್ಲಿ ನಾಯಕ ಅವಳ ಕೈ ಹಿಡಿಯುವ ಪುಟದ ಬೆನ್ನಿಗೆ ಅರ್ಧ ಕತ್ತರಿಸಿದ ಬದನೆಕಾಯಿ ಗೊಜ್ಜಿನ ವಿಧಾನ ಇರುತ್ತದೆ. ಒಂದು ಕಂತು ಕಳೆದುಹೋಗಿದ್ದರೆ ಆ ಜಾಗದಲ್ಲಿ ಬಿಳಿ ಹಾಳೆ ಹೊಲಿದು, ಅಲ್ಲೇನಾಯಿತು ಎಂದು ನಾಲ್ಕು ಸಾಲಿನಲ್ಲಿ ಕೈಬರಹದಲ್ಲಿ ಬರೆದಿರುತ್ತಾರೆ. ಆ ನಾಲ್ಕು ಸಾಲು ಕೆಲವು ಸಲ ಮೂಲದ ಎಂಟು ಪುಟಕ್ಕಿಂತ ಚೆನ್ನಾಗಿರುವುದುಂಟು.

ನಿಲ್ಲಿಸುವುದು ಎಲ್ಲಿ ಎಂಬುದು ಉಳಿಯಿತು. ಇಬ್ಬರೂ ಒಪ್ಪಿಕೊಂಡ ಮೇಲೆ ಮೂರು ಪುಟ, ಹೆಚ್ಚೆಂದರೆ ನಾಲ್ಕು. ನಮ್ಮ ಲೇಖಕರು ಅಲ್ಲಿ ಬಿಡುವುದಿಲ್ಲ. ನಿಶ್ಚಿತಾರ್ಥ, ಲಗ್ನಪತ್ರಿಕೆ, ಛತ್ರ, ಊಟದ ಎಲೆ, ಬೀಗರ ಮುನಿಸು, ಕೊನೆಗೆ ತೊಟ್ಟಿಲು. ಅಲ್ಲಿಯವರೆಗೆ ಗೆದ್ದದ್ದನ್ನೆಲ್ಲ ಬಾಡಿಗೆಗೆ ತಂದ ಶಾಮಿಯಾನದಡಿ ಕಳೆ​ದುಕೊಳ್ಳುತ್ತಾರೆ. ಆ ಗ್ರಂಥಾಲಯದ ಪುಸ್ತಕವೂ ಬಹುಶಃ ಹೀಗೇ ತೊಟ್ಟಿಲವರೆಗೆ ಹೋಗುತ್ತಿತ್ತೇನೋ. ಎರಡನೇ ಸಲ ರಟ್ಟು ಹಾಕುವ ಹೊತ್ತಿಗೆ ಕೊನೆಯ ಕೆಲವು ಹಾಳೆಗಳು ಉದುರಿಹೋಗಿದ್ದವು ಅಂತ ಕಾಣುತ್ತದೆ. ಈಗ ಅದು ಒಂದು ವಾಕ್ಯದ ನಡುವೆ ನಿಲ್ಲುತ್ತದೆ: ‘ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದು, ಅವನನ್ನು ನೋಡಿ,’. ಅದರ ಕೆಳಗೆ, ಪೆನ್ಸಿಲ್ಲಲ್ಲ, ನೀಲಿ ಪೆನ್ನಿನಲ್ಲಿ, ಬೇರೆಯೇ ಕೈಬರಹದಲ್ಲಿ ಒಂದೇ ಪದ ಇದೆ: ‘ಸಾಕು.’